ಬೀದಿಯಲ್ಲಿ ಬಿದ್ದ ಸೂಜಿ ಚುಚ್ಚಿದರೆ

ಬೇಸಿಗೆ ರಜೆಯ ಒಂದು ಸಂಜೆ. ಮಗ್‌ರಿಬ್‌ಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ಕ್ಲಿನಿಕ್ ಮುಚ್ಚಿ ಹೊರಡುವ ಸಿದ್ಧತೆಯಲ್ಲಿದ್ದಾಗ ದೇವನಹಳ್ಳಿಯ ತಾಯಿಯೊಬ್ಬರು ಏಳು ವರ್ಷದ ಮಗನ ಕೈ ಹಿಡಿದುಕೊಂಡು ಒಳಗೆ ಬಂದರು. “ಏನೂ ಇಲ್ಲ ಮೇಡಂ, ಸುಮ್ಮನೆ ಒಮ್ಮೆ ತೋರಿಸಿಕೊಂಡು ಹೋಗೋಣ ಅಂತ ಬಂದೆ” ಎಂದರು. ಏನೂ ಇಲ್ಲದವರು ಆ ಹೊತ್ತಿನಲ್ಲಿ ಬರುವುದಿಲ್ಲ. ಕುಳ್ಳಿರಿಸಿ ನೀರು ಕೊಟ್ಟ ಮೇಲೆ ಮಗನ ಬಲ ಅಂಗೈ ಬಿಡಿಸಿ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಕಲೆ. ಸುತ್ತ ಅರಿಶಿನದ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ನಡೆದದ್ದು ಇಷ್ಟು. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕಸದ ರಾಶಿಯಲ್ಲಿ ಚೆಂಡು ಹುಡುಕುವಾಗ ಒಂದು ಸಿರಿಂಜ್ ಸಿಕ್ಕಿತು. ಅದಕ್ಕೆ ನೀರು ತುಂಬಿ ಒಬ್ಬರ ಮೇಲೊಬ್ಬರು ಚಿಮ್ಮಿಸುವ ಆಟ ಶುರುವಾಯಿತು. ಸೂಜಿ ಇನ್ನೂ ಅದರಲ್ಲೇ ಇತ್ತು. ಕಿತ್ತಾಡುವಾಗ ಇವನ ಅಂಗೈಗೆ ಚುಚ್ಚಿ ರಕ್ತ ಬಂತು. ಹುಡುಗ ಅಳುತ್ತಾ ಅಜ್ಜಿಯ ಬಳಿಗೆ ಓಡಿದ. ಅಜ್ಜಿ ಅರಿಶಿನ ಹಚ್ಚಿ, ನಿಂಬೆಹಣ್ಣು ಹಿಂಡಿ, ಬಟ್ಟೆ ಸುತ್ತಿ, “ಅಬ್ಬಾಗೆ ಹೇಳಬೇಡ, ಹೊಡೀತಾರೆ” ಎಂದು ಸುಮ್ಮನಾಗಿಸಿದರು. ತಾಯಿಗೆ ಗೊತ್ತಾದದ್ದು ಮರುದಿನ. ಗೊತ್ತಾದ ಮೇಲೂ ಅವರು ಬಾಯಿ ಬಿಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್‌ನಲ್ಲಿ ಏನೇನೋ ಓದಿದರು. ಓದಿದಷ್ಟೂ ಒಂದೇ ಪದ ಕಣ್ಣಿಗೆ ಬಿತ್ತು. ಆ ಪದವನ್ನು ಅವರು ನನ್ನೆದುರಿಗೂ ಬಾಯಿ ಬಿಟ್ಟು ಹೇಳಲಿಲ್ಲ. “ಆ ಕಾಯಿಲೆ” ಎಂದಷ್ಟೇ ಹೇಳಿ ದುಪಟ್ಟಾದಿಂದ ಕಣ್ಣು ಒರೆಸಿಕೊಂಡರು.

ಅಂದಿಗೆ ನಾಲ್ಕು ದಿನ ಕಳೆದಿತ್ತು.

ಈ ತಾಯಿಯ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. “ಬರೆಯಿರಿ ಮೇಡಂ, ನನಗೆ ಯಾರೂ ಮೊದಲೇ ಹೇಳಿರಲಿಲ್ಲ” ಎಂದು ಅವರೇ ಹೇಳಿದರು.

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ದೇವನಹಳ್ಳಿಯ ಚಹರೆಯೇ ಬದಲಾಗಿದೆ. ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಭೂಮಿಯಲ್ಲಿ ಲೇಔಟ್‌ಗಳು ಎದ್ದಿವೆ. ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟುಗಳು. ಖಾಲಿ ಸೈಟು ಎಂದರೆ ಸುತ್ತಲಿನ ಮನೆಯವರಿಗೆ ಕಸ ಎಸೆಯುವ ಜಾಗ, ಮಕ್ಕಳಿಗೆ ಆಟದ ಮೈದಾನ. ಈ ಎರಡೂ ಒಂದೇ ಜಾಗವಾದಾಗ ಇಂತಹ ಅಪಘಾತಗಳಾಗುತ್ತವೆ.

ಮೊದಲ ಐದು ನಿಮಿಷ

ಸೂಜಿ ಚುಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ, ಸಾಮಾನ್ಯ ಸೋಪು ಹಚ್ಚಿ ಚೆನ್ನಾಗಿ ತೊಳೆಯಬೇಕು. ನಲ್ಲಿಯ ನೀರು ಸಾಕು. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಚೊಂಬಿನಿಂದ ಸುರಿಯಿರಿ. ರಕ್ತ ತಾನಾಗಿ ಬರುವಷ್ಟು ಬರಲಿ. ‘ಕೆಟ್ಟ ರಕ್ತ ಹೋಗಲಿ’ ಎಂದು ಗಾಯವನ್ನು ಹಿಂಡಬೇಡಿ, ಬಾಯಿಯಿಂದ ಚೀಪಿ ಉಗುಳಬೇಡಿ. ಹಿಂಡಿದರೆ ಸುತ್ತಲಿನ ಚರ್ಮ ಜಜ್ಜಿ ಹೋಗುತ್ತದೆಯೇ ಹೊರತು ವೈರಸ್ ಹೊರಗೆ ಬರುವುದಿಲ್ಲ. ಡೆಟಾಲ್ ಸುರಿದು ಉಜ್ಜುವುದು, ಬ್ಲೀಚಿಂಗ್ ನೀರು, ಸುಣ್ಣ, ನಿಂಬೆರಸ, ಕಾಫಿಪುಡಿ ಇವಾವುದೂ ಬೇಡ. ನಮ್ಮ ಅಜ್ಜಿಯಂದಿರ ಅರಿಶಿನದ ಬಗ್ಗೆ ನನಗೆ ಗೌರವವಿದೆ, ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ. ಅರಿಶಿನ ಹಚ್ಚಿದ ಮೇಲೆ ‘ಔಷಧಿ ಆಯಿತು’ ಎಂಬ ಸಮಾಧಾನ ಬಂದುಬಿಡುತ್ತದೆ. ಆಸ್ಪತ್ರೆಗೆ ಹೋಗುವುದು ತಡವಾಗುವುದು ಈ ಸಮಾಧಾನದಿಂದಲೇ.

ಸೂಜಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಮಕ್ಕಳ ಕೈಯಿಂದಲೂ ಎತ್ತಿಸಬೇಡಿ. ಅದನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಬಹುದೆಂದು ಕೆಲವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಾರೆ. ಅಂತಹ ಪರೀಕ್ಷೆಯಿಂದ ಪ್ರಯೋಜನವಿಲ್ಲ. ದಾರಿಯಲ್ಲಿ ಇನ್ನೊಬ್ಬರಿಗೆ ಚುಚ್ಚುವ ಅಪಾಯ ಮಾತ್ರ ಇದೆ. ಸಾಧ್ಯವಾದರೆ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಸೂಜಿ ಎಷ್ಟು ದಪ್ಪ, ಸಿರಿಂಜ್‌ನಲ್ಲಿ ರಕ್ತ ಕಾಣುತ್ತಿತ್ತೇ, ಹಸಿಯಾಗಿತ್ತೇ, ಒಣಗಿ ತುಕ್ಕು ಹಿಡಿದಿತ್ತೇ ಎಂಬುದು ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಎಷ್ಟು ಹೊತ್ತಿಗೆ ಚುಚ್ಚಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗುವಾಗ ಮಗುವಿನ ಲಸಿಕೆಯ ಕಾರ್ಡನ್ನು ಮರೆಯಬೇಡಿ.

ಭಯ ಎಷ್ಟು, ಅಪಾಯ ಎಷ್ಟು?

ಆ ತಾಯಿಗೆ ನಾನು ಮೊದಲು ಹೇಳಿದ್ದು ಎಚ್.ಐ.ವಿ. ಬಗ್ಗೆಯೇ. ಆ ಭಯ ಇಳಿಯದೆ ಬೇರೆ ಯಾವ ಮಾತೂ ಅವರ ಕಿವಿಗೆ ಬೀಳುವಂತಿರಲಿಲ್ಲ.

ಎಚ್.ಐ.ವಿ. ಸೋಂಕು ಇದೆಯೆಂದು ಖಚಿತವಾಗಿ ಗೊತ್ತಿರುವ ರೋಗಿಗೆ ಬಳಸಿದ ಸೂಜಿ ಆಗಲೇ ಆಸ್ಪತ್ರೆಯ ನರ್ಸ್ ಒಬ್ಬರಿಗೆ ಚುಚ್ಚಿತೆನ್ನೋಣ. ಆಗಲೂ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು ಮಾತ್ರ. ಬೀದಿಯಲ್ಲಿ ಬಿದ್ದ ಸೂಜಿಯದ್ದು ಇದಕ್ಕಿಂತ ಬಹಳ ಕಡಿಮೆ. ಅದನ್ನು ಬಳಸಿದವರಿಗೆ ಸೋಂಕು ಇರಲೇಬೇಕೆಂದಿಲ್ಲ. ಇದ್ದರೂ ಸೂಜಿಯಲ್ಲಿ ಉಳಿಯುವ ರಕ್ತ ಅತ್ಯಲ್ಪ, ಅದರಲ್ಲಿರುವ ಎಚ್.ಐ.ವಿ. ವೈರಸ್ ಬಿಸಿಲು, ಗಾಳಿಗೆ ಒಣಗಿದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಕೆನಡಾದ ಮಾಂಟ್ರಿಯಲ್ ನಗರದ ಎರಡು ಮಕ್ಕಳ ಆಸ್ಪತ್ರೆಗಳ ವೈದ್ಯರು 1988ರಿಂದ 2006ರವರೆಗೆ ಹೀಗೆ ಬೀದಿ ಮತ್ತು ಉದ್ಯಾನಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ 274 ಮಕ್ಕಳ ವಿವರವನ್ನು 2008ರಲ್ಲಿ ಪ್ರಕಟಿಸಿದ್ದಾರೆ. ಮಾದಕ ದ್ರವ್ಯದ ಇಂಜೆಕ್ಷನ್ ಚುಚ್ಚಿಕೊಳ್ಳುವವರು ಸಾಕಷ್ಟಿರುವ ನಗರ ಅದು. ಆದರೂ ಮರುಪರೀಕ್ಷೆಗೆ ಬಂದ ಮಕ್ಕಳಲ್ಲಿ ಒಬ್ಬರಿಗೂ ಎಚ್.ಐ.ವಿ. ಆಗಲಿ, ಹೆಪಟೈಟಿಸ್ ಆಗಲಿ ತಗಲಿರಲಿಲ್ಲ.

ಹಾಗಾದರೆ ಆಸ್ಪತ್ರೆಗೆ ಹೋಗುವ ಅಗತ್ಯವೇ ಇಲ್ಲವೇ? ಇದೆ. ಏಕೆಂದರೆ ನಾವು ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಆ ತಾಯಿ ಕೇಳಿಯೂ ಇರದ ಇನ್ನೊಂದು ವೈರಸ್ ಅನ್ನು: ಹೆಪಟೈಟಿಸ್ ಬಿ. ಯಕೃತ್ತಿಗೆ ತಗಲುವ, ಕಾಮಾಲೆ ತರುವ ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಸೋಂಕಿತರ ಸೂಜಿ ಲಸಿಕೆ ಪಡೆಯದವರಿಗೆ ಚುಚ್ಚಿದರೆ ನೂರಕ್ಕೆ ಆರರಿಂದ ಮೂವತ್ತು ಮಂದಿಗೆ ತಗಲಬಹುದು. ಚಿಕ್ಕ ವಯಸ್ಸಿನಲ್ಲಿ ತಗಲಿದಷ್ಟೂ ಅದು ದೇಹದಲ್ಲಿ ಶಾಶ್ವತವಾಗಿ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ವರ್ಷಗಳ ನಂತರ ಯಕೃತ್ತು ಕೆಡುವುದು, ಕ್ಯಾನ್ಸರ್ ಬರುವುದು ಇದರಿಂದಲೇ. ಹೆಪಟೈಟಿಸ್ ಸಿ ಎಂಬ ಇನ್ನೊಂದು ಇದೆ. ಅದು ತಗಲುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಅದಕ್ಕೆ ಲಸಿಕೆ ಇಲ್ಲ, ಆದರೆ ಈಗ ಬಹುತೇಕ ಗುಣಪಡಿಸುವ ಮಾತ್ರೆಗಳಿವೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಅವನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆ ಇರುವುದು ಅಲ್ಲಾಹನ ದೊಡ್ಡ ಅನುಗ್ರಹ. ಹುಟ್ಟಿದ 24 ಗಂಟೆಗಳೊಳಗೆ ಒಂದು, ಮತ್ತೆ 6, 10, 14 ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಇದು ಸೇರಿದೆ. ಅಂಗನವಾಡಿಯಲ್ಲಿ ಕೊಡುವ ಆ ಚುಚ್ಚುಮದ್ದನ್ನು ‘ಮಗುವಿಗೆ ಜ್ವರ ಬರುತ್ತೆ’ ಎಂದು ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ಹೇಳಲು ನನ್ನಲ್ಲಿ ಬಹಳ ಮಾತುಗಳಿವೆ. ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳುತ್ತೇನೆ.

ಹುಡುಗನ ಕಾರ್ಡು ತರಿಸಿ ನೋಡಿದೆ. ಹೆಪಟೈಟಿಸ್ ಬಿ ಪೂರ್ತಿಯಾಗಿತ್ತು. ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ಐದನೆಯ ವರ್ಷದ ಡಿ.ಪಿ.ಟಿ. ಬೂಸ್ಟರ್ ಮಾತ್ರ ತಪ್ಪಿತ್ತು. ಆದ್ದರಿಂದ ಧನುರ್ವಾಯು ತಡೆಯಲು ಟಿ.ಡಿ. ಲಸಿಕೆ ಕೊಡಬೇಕಾಯಿತು. ಟಿ.ಟಿ. ಇಂಜೆಕ್ಷನ್ ಎಂದು ನಾವೆಲ್ಲ ಕರೆಯುತ್ತಿದ್ದುದರ ಸ್ಥಾನದಲ್ಲಿ ಈಗ ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವುದು ಇದನ್ನೇ.

ಎಪ್ಪತ್ತೆರಡು ಗಂಟೆ

ಎಚ್.ಐ.ವಿ. ತಗಲದಂತೆ ತಡೆಯುವ ಔಷಧಿ ಇದೆಯೆಂದು ಬಹಳ ಮಂದಿಗೆ ಗೊತ್ತಿಲ್ಲ. ಸೂಜಿ ಚುಚ್ಚಿದ ನಂತರ ಮೊದಲ ಡೋಸನ್ನು ಎರಡು ಗಂಟೆಗಳೊಳಗೆ ಕೊಟ್ಟರೆ ಉತ್ತಮ. ಕೊನೆಯ ಗಡುವು 72 ಗಂಟೆ, ಅಂದರೆ ಮೂರು ದಿನ. ಮುಂದೆ 28 ದಿನ ಬಿಡದೆ ಕೊಡಬೇಕು. ಬೀದಿಯಲ್ಲಿ ಸಿಕ್ಕ ಎಲ್ಲ ಸೂಜಿಗಳಿಗೂ ಈ ಔಷಧಿ ಬೇಕಿಲ್ಲ. ಮಗುವಿಗೆ ಹೊಟ್ಟೆ ತೊಳಸುವುದು, ವಾಂತಿಯಂತಹ ತೊಂದರೆಗಳು ಆಗುವುದರಿಂದ ವೈದ್ಯರು ತೂಗಿ ನೋಡಿ ನಿರ್ಧರಿಸುತ್ತಾರೆ. ಸೂಜಿಯಲ್ಲಿ ಹಸಿ ರಕ್ತವಿದ್ದರೆ, ಆಳವಾಗಿ ಚುಚ್ಚಿದ್ದರೆ, ಬಳಸಿದವರು ಸೋಂಕಿತರೆಂದು ಗೊತ್ತಿದ್ದರೆ ಕೊಡುತ್ತಾರೆ. ಆದರೆ ಆ ನಿರ್ಧಾರ ಮಾಡುವ ಅವಕಾಶ ವೈದ್ಯರಿಗೆ ಸಿಗಬೇಕಾದರೆ ನೀವು ಮೂರು ದಿನಗಳೊಳಗೆ ಬರಬೇಕು. ನಮ್ಮ ಈ ತಾಯಿ ಬಂದಾಗ ಆ ಬಾಗಿಲು ಮುಚ್ಚಿತ್ತು. ಸಿರಿಂಜ್ ಹಳೆಯದು, ಒಣಗಿತ್ತು ಎಂದು ಹುಡುಗ ಹೇಳಿದ್ದರಿಂದ ಬೇಗ ಬಂದಿದ್ದರೂ ಬಹುಶಃ ಕೊಡುತ್ತಿರಲಿಲ್ಲ. ಅದನ್ನು ಅವರಿಗೆ ಹೇಳಿದೆ. ಆದರೂ ಆ ರಾತ್ರಿಗಳನ್ನು ಅವರು ಒಬ್ಬರೇ ಕಳೆದದ್ದು ನನ್ನನ್ನು ಕಾಡುತ್ತದೆ.

ಸರಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ., ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ರಕ್ತ ಪರೀಕ್ಷೆ ಉಚಿತ. 1097 ಎಂಬ ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆಯೆಂದು ಹೇಳುತ್ತಾರೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ಎ.ಆರ್.ಟಿ. ಕೇಂದ್ರವಿದೆ. ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲೂ ಇಂತಹ ಕೇಂದ್ರಗಳಿವೆ. ‘ಅಲ್ಲಿ ಯಾರಾದರೂ ನೋಡಿದರೆ?’ ಎಂಬ ಪ್ರಶ್ನೆ ಕೇಳದ ತಾಯಿಯನ್ನು ನಾನು ಕಂಡಿಲ್ಲ. ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು, ಸೋಂಕಿತರನ್ನು ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಬೇರೆಯಾಗಿ ಕಾಣಬಾರದೆಂದು 2017ರ ಕಾಯ್ದೆಯೇ ಇದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ.

ಮೊದಲ ದಿನವೇ ಮಾಡುವ ರಕ್ತ ಪರೀಕ್ಷೆಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ‘ನೆಗೆಟಿವ್ ಬಂತು, ಮುಗಿಯಿತು’ ಎಂದು ಹಲವರು ಮರಳಿ ಬರುವುದೇ ಇಲ್ಲ. ಆ ಪರೀಕ್ಷೆ ಸೂಜಿ ಚುಚ್ಚುವ ಮೊದಲಿನ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ವೈರಸ್ ಹೊಕ್ಕಿದ್ದರೆ ರಕ್ತದಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಆದ್ದರಿಂದ ಆರು ವಾರಕ್ಕೆ, ಮೂರು ತಿಂಗಳಿಗೆ, ವೈದ್ಯರು ಹೇಳಿದರೆ ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಈ ಅವಧಿಯಲ್ಲಿ ಮಗುವನ್ನು ದೂರ ಇಡಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಬಹುದು, ತಂಗಿಯ ಜೊತೆ ಮಲಗಬಹುದು, ಶಾಲೆಗೆ, ಮದ್ರಸಕ್ಕೆ ಹೋಗಬಹುದು.

ಇನ್ನೊಂದು ಮನೆಯ ಬಾಗಿಲು

ಎಲ್ಲ ಬರೆದುಕೊಟ್ಟು ಹೊರಡುವ ಮುನ್ನ ಹುಡುಗನನ್ನು ಕೇಳಿದೆ: “ಬೇಟಾ, ನಿನ್ನೊಬ್ಬನಿಗೇ ಚುಚ್ಚಿದ್ದಾ?” ಅವನು ಅಮ್ಮಿಯ ಮುಖ ನೋಡಿದ. ಆಮೇಲೆ ಮೆಲ್ಲನೆ, ಮೊದಲು ಚುಚ್ಚಿದ್ದು ಗೆಳೆಯನಿಗೆ ಎಂದ. ಅವರು ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ. ಅದೇ ಲೇಔಟಿನ ತಗಡಿನ ಶೆಡ್‌ನಲ್ಲಿ ಇದ್ದಾರೆ. ಹುಡುಗನಿಗೆ ಆರು ವರ್ಷ.

ತಾಯಿಯ ಮುಖ ಬಿಳುಚಿಕೊಂಡಿತು. “ಅವರಿಗೆ ನಾನು ಹೇಗೆ ಹೇಳಲಿ? ನಿಮ್ಮ ಹುಡುಗನೇ ಚುಚ್ಚಿದ ಅಂತಾರೆ. ಊರೆಲ್ಲಾ ಗೊತ್ತಾಗುತ್ತೆ” ಎಂದರು. ಅವರ ಭಯ ಸುಳ್ಳಲ್ಲ. ಆದರೆ ಲೆಕ್ಕ ಬೇರೆಯಿತ್ತು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರದ ಮಗುವಿಗೆ ಸೂಜಿ ಚುಚ್ಚಿದ ಮೇಲೂ ರಕ್ಷಣೆ ಕೊಡಬಹುದು. ಲಸಿಕೆಯ ಮೊದಲ ಡೋಸು, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿರೋಧಕದ ಇಂಜೆಕ್ಷನ್. ಮೊದಲ 24 ಗಂಟೆಯಲ್ಲಿ ಕೊಟ್ಟರೆ ಒಳ್ಳೆಯದು, ಏಳು ದಿನಗಳ ನಂತರ ಪ್ರಯೋಜನವಿಲ್ಲ. ನಾಲ್ಕು ದಿನ ಆಗಿತ್ತು. ಉಳಿದದ್ದು ಮೂರು.

ಮರುದಿನ ಬೆಳಿಗ್ಗೆ ಅವರು ಹೋದರು. ಮೊದಲು ಗಂಡನಿಗೆ ಹೇಳಿದರಂತೆ. ಗಂಡ ಬೈಯುತ್ತಾರೆಂದು ಹೆದರಿದ್ದರು. ಅವರು ಬೈಯಲಿಲ್ಲ, ಆಟೋ ತಂದು ನಿಲ್ಲಿಸಿದರು. ಶೆಡ್‌ನ ತಾಯಿಗೆ ಮೊದಲು ಅರ್ಥವೇ ಆಗಲಿಲ್ಲ. “ಸೂಜಿ ಚುಚ್ಚಿದ್ದಕ್ಕೆ ಆಸ್ಪತ್ರೆ ಯಾಕಕ್ಕಾ?” ಎಂದು ಕೇಳಿದರಂತೆ. ಕಾರ್ಡ್ ಇರಲಿಲ್ಲ. ಊರಿಂದ ಊರಿಗೆ ಹೋಗುವಾಗ ಎಲ್ಲೋ ಕಳೆದಿತ್ತು. ಎಷ್ಟು ಚುಚ್ಚುಮದ್ದು ಆಗಿದೆಯೆಂದು ನೆನಪಿರಲಿಲ್ಲ. ದಾಖಲೆ ಇಲ್ಲವೆಂದರೆ ಲಸಿಕೆ ಆಗಿಲ್ಲವೆಂದೇ ಭಾವಿಸಿ ಚಿಕಿತ್ಸೆ ಮಾಡಬೇಕು. ಇಬ್ಬರು ತಾಯಂದಿರೂ ಆ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೋದರು. ಆರನೆಯ ದಿನ ಎರಡೂ ಇಂಜೆಕ್ಷನ್ ಆಯಿತು. ಇಮ್ಯುನೊಗ್ಲೋಬ್ಯುಲಿನ್ ದುಬಾರಿ ಔಷಧಿ, ಎಲ್ಲ ಕಡೆ ದಾಸ್ತಾನು ಇರುವುದಿಲ್ಲ. ಅದನ್ನು ಹುಡುಕಲು ಒಂದು ಪೂರ್ತಿ ದಿನ ಹಿಡಿಯಿತು.

ಮನೆಯೊಳಗಿನ ಸೂಜಿಗಳು

ಖಾಲಿ ಸೈಟಿಗೆ ಆ ಸಿರಿಂಜ್ ಎಲ್ಲಿಂದ ಬಂತು? ಗೊತ್ತಿಲ್ಲ. ಕ್ಲಿನಿಕ್, ಲ್ಯಾಬ್‌ಗಳು ಸೂಜಿಗಳನ್ನು ಚುಚ್ಚಿ ತೂತಾಗದ ಬಿಳಿಯ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಪ್ರತ್ಯೇಕವಾಗಿ ಕಳುಹಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ನಡೆದದ್ದು ಉದಾಹರಣೆ. ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಮಂದಿ ಪ್ರಾಣ ಕಳೆದುಕೊಂಡರು. 2019ರಲ್ಲಿ ಪಾಕಿಸ್ತಾನದ ರತೊಡೇರೊ ಎಂಬಲ್ಲಿ ನೂರಾರು ಪುಟ್ಟ ಮಕ್ಕಳಿಗೆ ಎಚ್.ಐ.ವಿ. ತಗಲಿತು. ಅಸುರಕ್ಷಿತ ಇಂಜೆಕ್ಷನ್‌ಗಳೇ ಅದಕ್ಕೆ ಮುಖ್ಯ ಕಾರಣವೆಂದು ತಜ್ಞರು ಕಂಡುಕೊಂಡರು. ನಿಮ್ಮ ಮಗುವಿಗೆ ಇಂಜೆಕ್ಷನ್ ಕೊಡುವಾಗ ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಲಿ ಎಂದು ಕೇಳಿ. ಅದು ಅವಿಧೇಯತೆಯಲ್ಲ. ಮಗುವಿನ ಸುನ್ನತ್, ಕಿವಿ ಚುಚ್ಚಿಸುವುದು, ಮನೆಯ ಹಿರಿಯರ ಹಿಜಾಮ ಎಲ್ಲದಕ್ಕೂ ಇದೇ ಮಾತು: ಹೊಸ ಬ್ಲೇಡು, ಹೊಸ ಸೂಜಿ.

ಆದರೆ ಬೊಟ್ಟು ಬರೀ ಕ್ಲಿನಿಕ್‌ಗಳತ್ತ ತೋರಿಸಿದರೆ ಸಾಲದು. ಇಂದು ಎಷ್ಟು ಮನೆಗಳಲ್ಲಿ ಅಜ್ಜ, ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ? ದಿನಕ್ಕೆ ಎರಡು ಸೂಜಿಯೆಂದರೆ ತಿಂಗಳಿಗೆ ಅರವತ್ತು. ಅವು ಎಲ್ಲಿಗೆ ಹೋಗುತ್ತವೆ? ತರಕಾರಿ ಸಿಪ್ಪೆಯ ಜೊತೆ ಕಸದ ಕವರಿಗೆ. ರಮಝಾನ್‌ನಲ್ಲಿ ಇಫ್ತಾರ್ ಮತ್ತು ಸಹರಿಯ ಗಡಿಬಿಡಿಯಲ್ಲಿ ಸುಫ್ರಾದ ಬದಿಯಲ್ಲೇ ಬಿಟ್ಟ ಸೂಜಿಯನ್ನು ಅಂಬೆಗಾಲಿಡುವ ಮಗು ಎತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಸ ಆಯುವ ಹೆಣ್ಣುಮಕ್ಕಳ ಕೈಗೆ ಚುಚ್ಚುವುದೂ ಇವೇ. ಬಳಸಿದ ಸೂಜಿ, ಸಿರಿಂಜ್ ಮನೆಯ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳು ಹೆಸರಿಸಿದವು. ದಾರಿಯಿಂದ ಮುಳ್ಳನ್ನು ಸರಿಸುವುದನ್ನೂ ಪುಣ್ಯಕಾರ್ಯವೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ದಾರಿಗೆ ಮುಳ್ಳು ಹಾಕುವವರು ನಾವೇ ಆಗಬಾರದಲ್ಲವೇ?

ಉಪಾಯ ಸುಲಭ. ಫಿನಾಯಿಲ್ ಅಥವಾ ಬಟ್ಟೆ ತೊಳೆಯುವ ದ್ರಾವಣದ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಒಣಗಿಸಿ ಇಟ್ಟುಕೊಳ್ಳಿ. ತೆಳುವಾದ ನೀರಿನ ಬಾಟಲಿ ಬೇಡ, ಸೂಜಿ ಅದನ್ನು ತೂರಿ ಹೊರಬರುತ್ತದೆ. ಬಳಸಿದ ಕೂಡಲೇ ಅದರೊಳಗೆ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ದೊಡ್ಡದಾಗಿ ಬರೆದು, ನೀವು ತೋರಿಸುವ ಆಸ್ಪತ್ರೆಯಲ್ಲಿ ಕೊಡಬಹುದೇ ಎಂದು ವಿಚಾರಿಸಿ. ಇಲ್ಲವಾದರೆ ಪುರಸಭೆಯ ಕಸದ ಗಾಡಿಯವರಿಗೆ ಬೇರೆಯಾಗಿ, ಹೇಳಿ ಕೊಡಿ. ಬೀದಿಯಲ್ಲಿ ಸೂಜಿ ಕಂಡರೆ ಡಬ್ಬಿಯನ್ನು ನೆಲದ ಮೇಲೆ ಇಟ್ಟು, ಇಕ್ಕಳದಿಂದ ಎತ್ತಿ ಹಾಕಿ. ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಡಿ.

ಹೊಲಿಗೆ ಸೂಜಿಯದ್ದು ಬೇರೆ ಕಥೆ. ಅದರೊಳಗೆ ಟೊಳ್ಳಿಲ್ಲ, ರಕ್ತ ಉಳಿಯುವುದಿಲ್ಲ, ಈ ವೈರಸ್‌ಗಳ ಚಿಂತೆ ಬೇಡ. ಧನುರ್ವಾಯು ಲಸಿಕೆ ನೋಡಿಕೊಳ್ಳಿ. ಕಾಲಿಗೆ ಚುಚ್ಚಿ ಒಳಗೆ ಮುರಿದರೆ ಕೆದಕಬೇಡಿ, ನಡೆಸಬೇಡಿ, ಎತ್ತಿಕೊಂಡು ಹೋಗಿ ಎಕ್ಸ್‌ರೇ ತೆಗೆಸಿ. ಹಸು ಸಾಕುವ ಮನೆಗಳಲ್ಲಿ ಕರುಗಳಿಗೆ ಕಂದುರೋಗದ ಲಸಿಕೆ ಹಾಕಿದ ಸೂಜಿ ಚುಚ್ಚಿದರೆ ಮಾತ್ರ ವೈದ್ಯರಿಗೆ ಅದನ್ನು ತಪ್ಪದೆ ಹೇಳಿ. ಆ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ.

ಮಕ್ಕಳಿಗೆ ಹೇಳಿಕೊಡುವಾಗ ಎರಡೇ ಮಾತು ಸಾಕು. ಸೂಜಿ ಕಂಡರೆ ಮುಟ್ಟಬೇಡ, ದೊಡ್ಡವರನ್ನು ಕರೆ. ಚುಚ್ಚಿದರೆ ಬಂದು ಹೇಳು, ನಾನು ಹೊಡೆಯುವುದಿಲ್ಲ. ಎರಡನೆಯದನ್ನು ಹೇಳಿದ ಮೇಲೆ ನಡೆದುಕೊಳ್ಳಬೇಕು. ಹೊಡೆತಕ್ಕೆ ಹೆದರಿದ ಮಗು ಗಾಯವನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತದೆ.

ಇಬ್ಬರು ಹುಡುಗರ ಆರು ವಾರದ, ಮೂರು ತಿಂಗಳ ಪರೀಕ್ಷೆಗಳೂ ನೆಗೆಟಿವ್ ಬಂದವು, ಅಲ್‌ಹಮ್ದುಲಿಲ್ಲಾಹ್. ಶೆಡ್‌ನ ಹುಡುಗನಿಗೆ ಒಂದು ತಿಂಗಳಿಗೆ ಎರಡನೆಯ ಡೋಸು ಆಯಿತು. ಆರು ತಿಂಗಳಿಗೆ ಮೂರನೆಯದು ಆಗಬೇಕು. ಅಷ್ಟರೊಳಗೆ ಕಟ್ಟಡದ ಕೆಲಸ ಮುಗಿದು ಅವರು ಹೊಸಕೋಟೆ ಕಡೆಗೆ ಹೋದರು. ಮೂರನೆಯ ಡೋಸಿನ ತಾರೀಕನ್ನು ದೇವನಹಳ್ಳಿಯ ತಾಯಿ ತಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗನ ಕೊನೆಯ ಪರೀಕ್ಷೆಯ ತಾರೀಕಿನ ಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದರು. ಹಿಂದಿನ ದಿನ ಅವರೇ ಫೋನ್ ಮಾಡಿ ನೆನಪಿಸಿದರು. ಶೆಡ್‌ನ ತಾಯಿ ಹೊಸಕೋಟೆಯಿಂದ ಮೂರನೆಯ ಡೋಸಿಗೆ ಬಂದರು. ಈ ಬಾರಿ ಹುಡುಗನ ಹೊಸ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.